ಉಗುಳಿಗೂ ಮಾರ್ಕ್ಸ್ ಅದಾವ

ಮೊನ್ನೆ ತೀನ್ ಕಂದೀಲ್ ಹತ್ರ ಒಗ್ಗಾಣಿ ಮಿರ್ಚಿ ತಿನ್ಕೋತ ಕುಂತಿದ್ವಿ, ನಾನು, ಬಸ್ಯಾ, ಖಾದರ್. ದೊಡ್ಡವ್ವನ ವಿಷ್ಯ ತಗದೆ. ಬಾಯಿ ಒಣಗತೈತಿ ಅಂತ ಎರಡು ವರ್ಷದಿಂದ ಅಂತಿದ್ಲು, ನಾವು ರಾಯಚೂರು ಬಿಸಿಲವ್ವಾ ಮಜ್ಜಿಗಿ ಕುಡಿ ಅಂತಿದ್ವಿ, ಆದ್ರ ಸಂಕ್ರಾಂತಿ ಚಳ್ಯಾಗೂ ರೊಟ್ಟಿ ನುಂಗಾಕ ತುತ್ತಿಗೊಂದು ಗುಟುಕು ನೀರು ಬೇಕಾತು, ಹಲ್ಲು ನೋಡಿದ್ರ ಒಂದಾದ್ಮ್ಯಾಲ ಒಂದು ಹುಳುಕು.

"ಡಾಕ್ಟ್ರು ಏನಂದ್ರಲೇ?"

"ಉಗುಳ್ರಿ ಅಂದ್ರು."

ಸಣ್ಣ ಕಪ್ ಕೊಟ್ಟು 15 ನಿಮಿಷ, ಕ್ಯಾಕರಿಸಂಗಿಲ್ಲ, ಏನೂ ಅಗಿಯಂಗಿಲ್ಲ, ತಾನಾಗೇ ಕೂಡಿದ್ದಷ್ಟ ಬಿಡಬೇಕು, ಒಂದೂವರಿ ಎಂಎಲ್ ದಾಟಲಿಲ್ಲಂದ್ರ ಡೌಟು. ಕಟ್ಟಿ ಮ್ಯಾಲ ಉಗುಳಬ್ಯಾಡ್ರಿ ಅಂತ ದೊಡ್ಡಪ್ಪಗ ಜೀವನಪೂರ್ತಿ ಬೈದಾಕಿ, ನರ್ಸ್ ಮುಂದ ಕುಂತ್ರ ಅರ್ಧ ಎಂಎಲ್ಲೂ ಬರವಲ್ದು.

ಮಿರ್ಚಿ ಮುಗಿಸಿ ಗುಟ್ಕಾ ಹಾಕ್ಕೊಂಡಿದ್ದ ಬಸ್ಯಾ "ನನ್ನ ಕರೀಬೇಕಿತ್ತಪ್ಪ, ಬಕೆಟ್ ತುಂಬಿಸ್ತಿದ್ದೆ" ಅಂದ.

ಜಡ್ಡಿನ ಹೆಸರು ಶೋಗ್ರೆನ್. ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ ಅನ್ನೋ ಕಣ್ಣಿನ ಡಾಕ್ಟ್ರು 1933ರಾಗ 19 ಹೆಣ್ಮಕ್ಕಳ್ನ ನೋಡಿ ಬರದಿದ್ದು. ಮನಿ ಕಾಯೋ ನಾಯಿ ಮನ್ಯಾರಿಗೇ ಬಾಯಿ ಹಾಕಿದಂಗ, ನಮ್ಮ ಇಮ್ಯುನಿಟಿನೇ ಜೊಲ್ಲು ಕಣ್ಣೀರಿನ ಗ್ರಂಥಿ ಕಡೀತೈತಿ, ಹತ್ತು ಮಂದ್ಯಾಗ ಹೆಚ್ಚುಕಮ್ಮಿ ಒಂಬತ್ತು ಹೆಣ್ಮಕ್ಕಳೇ.

2016ರಿಂದ ಇದಕ್ಕೂ ಮಾರ್ಕ್ಸ್ ಲೆಕ್ಕ ಐತಿ. ರಕ್ತದಾಗ ಆಂಟಿ-ಎಸ್‌ಎಸ್‌ಎ ಅನ್ನೋ, ನಮ್ಮ ಮೈಗೇ ತಿರುಗಿ ಬೀಳೋ ಆಂಟಿಬಾಡಿ ಇದ್ರ 3, ಕೆಳತುಟಿ ಒಳಗ ಕೊಯ್ದು ಸಣ್ಣ ಜೊಲ್ಲಿನ ಗ್ರಂಥಿ ತಗದು ನೋಡಿದಾಗ ಜಡ್ಡಿನ ಗುರ್ತು ಕಂಡ್ರ 3, ಉಗುಳು ಕಮ್ಮಿಗೆ 1, ಕಣ್ಣಿಗೆ ಕಾಗದಪಟ್ಟಿ ಇಟ್ರ 5 ನಿಮಿಷದಾಗ 5 ಎಂಎಂ ದಾಟಿ ತೋಯಲಿಲ್ಲಂದ್ರ 1. ನಾಕು ಬಂದ್ರ ಪಾಸು.

"ಎಸ್ಸೆಲ್ಸಿಗಿಂತ ಈಜಿ ಐತಲ್ಲೋ! ಆದ್ರ ತುಟಿ ಯಾಕ ಕೊಯ್ಬೇಕು, ಉಗುಳಿನಾಗ ಹುಡುಕಬಾರದೇನು?" ಅಂದ ಖಾದರ್.

ಅದನ್ನೂ ಹುಡುಕಾಕತ್ಯಾರ. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಅನ್ನೋ ಪ್ರೋಟೀನ್ ಇವರ ಉಗುಳಿನಾಗ ಜಾಸ್ತಿ ಇರ್ತೈತಿ, ಇಂಥವುಕ್ಕ ಬಯೋಮಾರ್ಕರ್ ಅಂತಾರ, ಆದ್ರ ಒಸಡು ಬಾತಿದ್ರೂ ಉಗುಳಿನ ಪ್ರೋಟೀನ್ ಏರುಪೇರು ಆಗ್ತಾವು, ಅದಕ್ಕ ಮಾರ್ಕ್ಸ್ ಪಟ್ಟ್ಯಾಗ ಇನ್ನೂ ಸೇರಿಲ್ಲ.

"ಅಲ್ಲೋ, ಉಗುಳೇ ಇಲ್ಲದಾರ ಹತ್ರ ಉಗುಳು ಕೇಳೋದಾ? ಕೆರಿ ಬತ್ತಿದ್ಮ್ಯಾಲ ಮೀನು ಎಣಿಸಿದಂಗಾತು!"

ಖಾದರ್ ಹಿಂಗ ಒಮ್ಮೊಮ್ಮೆ ಸರಿ ಮಾತೂ ಆಡ್ತಾನ.

ದೊಡ್ಡವ್ವಗ ಉಗುಳು 1, ಕಣ್ಣು 1, ರಕ್ತ 3, ಒಟ್ಟು 5. ತುಟಿ ಉಳೀತು. "ಶಾಲಿ ಮಾರಿ ನೋಡದಾಕಿ ಪಾಸಾದೆ, ಅಳೋಣಂದ್ರ ಕಣ್ಣೀರೂ ಬರವಲ್ದು" ಅಂದ್ಲು. ಪೈಲೋಕಾರ್ಪಿನ್ ಗುಳಿಗಿ ಕೊಟ್ಟಾರ, ಜೊಲ್ಲು ಬರ್ತೈತಿ, ಸಂಗಾಟ ಬೆವರೂ ಕಿತ್ಕೊಂಡು ಬರ್ತೈತಂತ.

"ಮೇ ತಿಂಗಳಾಗ, ರಾಯಚೂರಾಗ, ಬೆವರು ಬರಾಕ ಗುಳಿಗಿ?" ಬಸ್ಯಾ ನಗಾಕ ಹೋಗಿ ಗುಟ್ಕಾ ನುಂಗೇಬಿಟ್ಟ.