ಸಹಾಯ ಬೇಕು: ಓದುಬಳಗ ಆರಿಸಿದ ಕಾದಂಬರಿ ನನಗೆ ಒಲಿಯುತ್ತಿಲ್ಲ

ಆತ್ಮೀಯ ಓದುಗ ಮಿತ್ರರಿಗೆ ನಮಸ್ಕಾರ. ನಮ್ಮ ಓದುಬಳಗವು ಈ ತಿಂಗಳ ಚರ್ಚೆಗೆಂದು ಆರಿಸಿರುವ, ಸುಮಾರು 600 ಪುಟಗಳ ಕಾದಂಬರಿಯಲ್ಲಿ ನಾನು 140ನೆಯ ಪುಟವನ್ನು ದಾಟಲಾರದೆ ಎರಡು ವಾರಗಳಿಂದ ನಿಂತಿದ್ದೇನೆ. ಕಥೆಯನ್ನು ಒಂದೇ ಮನೆತನದ ಐವರು ಸರದಿಯಂತೆ ಹೇಳುತ್ತಾರೆ. ಆದರೆ ಯಾರು ಮಾತನಾಡುತ್ತಿದ್ದಾರೆ ಎಂಬುದು ಅಧ್ಯಾಯದ ಮೂರು-ನಾಲ್ಕು ಪುಟಗಳು ಕಳೆದ ಮೇಲಷ್ಟೇ ತಿಳಿಯುತ್ತದೆ, ಕಾಲವೂ ಅಜ್ಜನ ಬಾಲ್ಯದಿಂದ ಮೊಮ್ಮಗಳ ಮದುವೆಗೆ, ಅಲ್ಲಿಂದ ಮತ್ತೆ ಹಿಂದಕ್ಕೆ, ಯಾವ ಸೂಚನೆಯೂ ಇಲ್ಲದೆ ಜಿಗಿಯುತ್ತದೆ. ಭಾಷೆ ಕಷ್ಟವೆಂದು ನಾನು ದೂರುತ್ತಿಲ್ಲ. ವಾಕ್ಯಗಳು ನಿಜಕ್ಕೂ ಸುಂದರವಾಗಿವೆ. ಯಾವ ಪಾತ್ರದ ಬಗೆಗೂ ಮನಸ್ಸು ಮಿಡಿಯುತ್ತಿಲ್ಲ ಎಂಬುದೇ ನನ್ನ ತೊಡಕು.

ವಂಶವೃಕ್ಷವನ್ನು ಹಾಳೆಯ ಮೇಲೆ ಬರೆದುಕೊಂಡೆ, ಗಟ್ಟಿಯಾಗಿ ಓದಿಯೂ ನೋಡಿದೆ. ಹಾಗೆ ಓದಿದಾಗ ಅಜ್ಜಿಯ ಅಧ್ಯಾಯ ಮಾತ್ರ ಕೊಂಚ ತೆರೆದುಕೊಂಡಿತು (ಆ ದನಿಯನ್ನು ಕಿವಿಗಾಗಿಯೇ ಬರೆದಂತೆ ತೋರುತ್ತದೆ). ಇದನ್ನು ಸೂಚಿಸಿದ ಗೆಳತಿಗೆ ಈ ಕೃತಿ ಬಹಳ ಆಪ್ತವಾದುದರಿಂದ, ಅರೆಮನಸ್ಸಿನಿಂದ ಓದಿ ಚರ್ಚೆಗೆ ಹೋಗಲು ನನಗೆ ಇಷ್ಟವಿಲ್ಲ. ಒಬ್ಬ ನಿರೂಪಕರ ಅಧ್ಯಾಯಗಳನ್ನಷ್ಟೇ ಮೊದಲು ಒಟ್ಟಾಗಿ ಓದಿ, ಬಳಿಕ ಉಳಿದವುಗಳಿಗೆ ಮರಳಿದರೆ ಲೇಖಕರ ವಿನ್ಯಾಸಕ್ಕೆ ಭಂಗ ಬರುವುದೇ? ಆರಂಭದಲ್ಲಿ ಹಿಡಿಸದ ಪುಸ್ತಕವೊಂದು ಮುಂದೆ ಹಿಡಿಸಿದ ಅನುಭವ ನಿಮಗಿದ್ದರೆ, ಅದು ಎಲ್ಲಿ, ಹೇಗೆ ಸಾಧ್ಯವಾಯಿತೆಂಬುದನ್ನು ದಯವಿಟ್ಟು ತಿಳಿಸಿ.