ಎಲ್ಮರ್ ಎಲ್ಸ್‌ವರ್ತ್: ಹೋಟೆಲ್ ಮೆಟ್ಟಿಲ ಮೇಲಿನ ಸಾವಿಗೆ ಶ್ವೇತಭವನದ ಮರ್ಯಾದೆ ಯಾಕೆ?

ಕಿಂಗ್‌ಸ್ಟ್ರೀಟ್‌_ಕನ್ನಡತಿ:
ನಾವಿರೋದು ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ. ಮಗನಿಗೆ ಶಾಲೆಯಲ್ಲಿ ಅಮೆರಿಕದ ಅಂತರ್ಯುದ್ಧದ ಪಾಠ ನಡೀತಿದೆ. ಉತ್ತರದ (ಒಕ್ಕೂಟದ) ಸೈನ್ಯದ ಕರ್ನಲ್ ಎಲ್ಮರ್ ಎಲ್ಸ್‌ವರ್ತ್ ಬಗ್ಗೆ ಒಂದು ಪುಟ ಬರ್ಕೊಂಡು ಹೋಗಬೇಕಂತೆ. ಇಲ್ಲಿ ಕಿಂಗ್ ಸ್ಟ್ರೀಟ್, ಪಿಟ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ಈಗೊಂದು ದೊಡ್ಡ ಹೋಟೆಲ್ ಇದೆ. ಆ ಜಾಗದಲ್ಲಿ ಹಿಂದೆ ಮಾರ್ಷಲ್ ಹೌಸ್ ಅಂತ ವಸತಿಗೃಹ ಇತ್ತು. 1861ರ ಮೇ 24ರ ಬೆಳಗಿನ ಜಾವ, ಅದನ್ನು ನಡೆಸ್ತಿದ್ದ ಜೇಮ್ಸ್ ಜಾಕ್ಸನ್ ಅನ್ನೋನು ಎಲ್ಸ್‌ವರ್ತ್‌ನ ಮೆಟ್ಟಿಲ ಮೇಲೇ ಗುಂಡು ಹೊಡೆದು ಕೊಂದ. ವಯಸ್ಸು ಬರೀ 24.

ಮಗ ಕೇಳ್ತಾನೆ, "ಅವ್ನು ಯುದ್ಧಾನೇ ಮಾಡ್ಲಿಲ್ವಲ್ಲಮ್ಮ, ಬಾವುಟ ಇಳಿಸೋಕೆ ಹೋಗಿ ಸತ್ತ. ಅದಕ್ಕೆ ಯಾಕೆ ಶವಾನ ಶ್ವೇತಭವನದಲ್ಲಿ ಇಟ್ರು?" ಅಂತ. ನಂಗೂ ಹೌದಲ್ವಾ ಅನ್ನಿಸ್ತು. ತಿಳಿದವರು ಹೇಳಿ.

ಹಳೇಪುಟ:
ಮೊದಲ ಕಾರಣ ಅಧ್ಯಕ್ಷ ಲಿಂಕನ್ ಸ್ನೇಹ. ಸ್ಪ್ರಿಂಗ್‌ಫೀಲ್ಡ್‌ನ ಲಿಂಕನ್ ಕಚೇರಿಯಲ್ಲಿ ಕಾನೂನು ಕಲಿಯೋಕೆ ಸೇರಿದ್ದ ಹುಡುಗ ಇವನು. 1861ರ ಫೆಬ್ರವರಿಯಲ್ಲಿ ಲಿಂಕನ್ ಅಧಿಕಾರ ವಹಿಸಿಕೊಳ್ಳಲು ವಾಷಿಂಗ್ಟನ್‌ಗೆ ಹೊರಟಾಗ ಅದೇ ರೈಲಲ್ಲಿ ಜೊತೆಗೆ ಬಂದ. ಲಿಂಕನ್ ಮಕ್ಕಳಿಂದ ಇವನಿಗೆ ದಡಾರ ಅಂಟಿತ್ತು ಅಂದ್ರೆ ಬಳಕೆ ಎಷ್ಟಿತ್ತು ನೋಡಿ. ಮನೆ ಹುಡುಗನೇ ಸತ್ತ ಹಾಗಾಯ್ತು ಅವರಿಗೆ.

ಎರಡನೆಯದು, ಅವನಾಗಲೇ ಹೆಸರುವಾಸಿ. ಫ್ರೆಂಚರ ಝುವಾವ್ ಸೈನಿಕರ ಹಾಗೆ ಸಡಿಲ ಚಲ್ಲಣ ತೊಟ್ಟ ಷಿಕಾಗೊ ಹುಡುಗರ ದಂಡು ಕಟ್ಟಿ, 1860ರಲ್ಲಿ ಊರೂರು ಸುತ್ತಿ ಕವಾಯತು ತೋರಿಸಿದ್ದ. ಜನ ಮುಗಿಬಿದ್ದು ನೋಡಿದ್ರು.

ಅವನು ಸತ್ತ ಮೊದಲ ಸೈನಿಕ ಅಲ್ಲ, ಉತ್ತರದ ಕಡೆ ಸತ್ತ ಮೊದಲ ಅಧಿಕಾರಿ. ಅದಕ್ಕೂ ಮುಂಚೆ ಏಪ್ರಿಲ್ 19ರಂದು ಬಾಲ್ಟಿಮೋರ್ ಗಲಭೆಯಲ್ಲಿ 6ನೇ ಮ್ಯಾಸಚೂಸೆಟ್ಸ್ ಪಡೆಯ ಲೂಥರ್ ಲ್ಯಾಡ್ ಸತ್ತ, ಅವನಿಗೆ 17. ಮಗನ ಪುಟದಲ್ಲಿ ಅವನಿಗೂ ಒಂದು ಸಾಲು ಇರಲಿ.

ಸುಬೇದಾರ್_ಸಕಲೇಶಪುರ:
ತಂಗೀ, ನಾನು ಇತಿಹಾಸ ಪಾಠ ಮಾಡೋನಲ್ಲ, ಸೈನ್ಯದಲ್ಲಿ ತಲೆ ನರೆಸಿಕೊಂಡು ಬಂದೋನು. ಮಗಳ ಮನೆಗೆ ಅಮೆರಿಕಕ್ಕೆ ಬಂದಾಗ ಸರಟೋಗಾ ಸ್ಪ್ರಿಂಗ್ಸ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಮಿಲಿಟರಿ ಮ್ಯೂಸಿಯಂ ನೋಡಿದ್ದೆ. ಈ ಹುಡುಗನ ಕೋಟು ಅಲ್ಲಿದೆ, ಎದೆಯ ಹತ್ರ ತೂತು. ಆಳು ಗಿಡ್ಡ ಇದ್ದಿರಬೇಕು, ಕೋಟು ನೋಡಿದ್ರೇ ಗೊತ್ತಾಗುತ್ತೆ. ಅವತ್ತಿಂದ ಇವನ ಬಗ್ಗೆ ಸಿಕ್ಕಿದ್ದೆಲ್ಲ ಓದ್ತಾ ಬಂದೆ.

ನಿಮ್ಮ ಮಗ ಸರಿಯಾಗೇ ಕೇಳಿದ್ದಾನೆ. ಮಾಡಿದ ಕೆಲಸ ನನ್ನ ಲೆಕ್ಕದಲ್ಲಿ ತಪ್ಪು. ಹಿಂದಿನ ದಿನ ವರ್ಜೀನಿಯಾದಲ್ಲಿ ಮತ ಹಾಕಿ ಒಕ್ಕೂಟದಿಂದ ಹೊರಗೆ ಹೋಗೋದನ್ನ ಖಾಯಂ ಮಾಡಿದ್ರು. ರಾತ್ರಿಯೇ ಉತ್ತರದ ಪಡೆಗಳು ಪೊಟೊಮ್ಯಾಕ್ ನದಿ ದಾಟಿದವು. ಇವನ ರೆಜಿಮೆಂಟು 11ನೇ ನ್ಯೂಯಾರ್ಕ್ ಹಡಗಲ್ಲಿ ಬಂದು ಅಲೆಕ್ಸಾಂಡ್ರಿಯಾದಲ್ಲಿ ಇಳೀತು. ಕರ್ನಲ್ ಸಾಹೇಬರು ಟೆಲಿಗ್ರಾಫ್ ಕಚೇರಿ ಹಿಡಿಯೋಕೆ ಅಂತ ಹೊರಟೋರು, ದಾರೀಲಿ ಮಾರ್ಷಲ್ ಹೌಸ್ ಮೇಲೆ ದಕ್ಷಿಣದವರ ಬಾವುಟ ಕಂಡು ಅಲ್ಲೇ ತಿರುಗಿದ್ರು. ಕೈಯಲ್ಲಿ ಬೆರಳೆಣಿಕೆ ಜನ.

ಒಳಗೆ ಹೋದಾಗ ಅಂಗಿ ಚಲ್ಲಣದಲ್ಲಿ ನಿಂತ ಒಬ್ಬನ್ನ ಕೇಳ್ತಾರೆ, ಬಾವುಟ ಯಾರದ್ದು ಅಂತ. ನಂಗೇನೂ ಗೊತ್ತಿಲ್ಲ, ನಾನಿಲ್ಲಿ ಬಾಡಿಗೆಗಿರೋನು ಅಂದ. ಅವನೇ ಜಾಕ್ಸನ್! ಅವನನ್ನ ಅಲ್ಲೇ ಬಿಟ್ಟು ಮೇಲೆ ಹತ್ತಿದ್ರು. ಕೋಣೆ ತಪಾಸಣೆ ಇಲ್ಲ, ಬಾಗಿಲಿಗೊಬ್ಬ ಪಹರೆ ಇಲ್ಲ. ಬಾವುಟ ಕತ್ತರಿಸಿ ಇಳಿಯುವಾಗ ಬ್ರೌನೆಲ್ ಅನ್ನೋ ಕಾರ್ಪೊರಲ್ ಮುಂದೆ, ಎಲ್ಸ್‌ವರ್ತ್ ಬಾವುಟ ಸುತ್ತಿಕೊಳ್ತಾ ಹಿಂದೆ. ಮೆಟ್ಟಿಲ ತಿರುವಲ್ಲಿ ಜಾಕ್ಸನ್ ಜೋಡುನಳಿಗೆ ಕೋವಿ ಹಿಡಿದು ನಿಂತಿದ್ದ. ಮೊದಲ ಈಡು ನೇರ ಎದೆಗೆ. ಎರಡನೇದು ಬ್ರೌನೆಲ್‌ಗೆ ತಾಗಲಿಲ್ಲ. ಅವನು ಜಾಕ್ಸನ್ ಮುಖಕ್ಕೆ ಗುಂಡು ಹೊಡೆದು, ಸಂಗೀನಿನಲ್ಲೂ ತಿವಿದ.

ಸಾವಿರ ಜನರ ಕಮಾಂಡರು ಬಾವುಟಕ್ಕೆ ತಾನೇ ಹೋಗ್ತಾನಾ? ನಾಯಕ್ ದರ್ಜೆಯವನ ಜೊತೆ ನಾಲ್ಕು ಜನ ಕಳಿಸಿದ್ರೆ ಮುಗೀತು. ಆದ್ರೆ ಅವನ ಹಿನ್ನೆಲೆ ನೋಡಿ. ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿ ಸೇರೋ ಆಸೆ ಕೈಗೂಡಲಿಲ್ಲ. ಷಿಕಾಗೊದಲ್ಲಿ ಒಣ ಬಿಸ್ಕತ್ತು ತಿಂದು, ಕಚೇರಿ ನೆಲದ ಮೇಲೆ ಮಲಗಿ, ಅದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟ ಹುಡುಗ. ಯುದ್ಧದ ಕರೆ ಬಂದ ಕೂಡಲೇ ನ್ಯೂಯಾರ್ಕಿಗೆ ಹೋಗಿ ಅಗ್ನಿಶಾಮಕದವರನ್ನ ಸೇರಿಸಿ ರೆಜಿಮೆಂಟು ಕಟ್ಟಿದ. ಮೇ 9ರಂದು ವಾಷಿಂಗ್ಟನ್‌ನ ವಿಲರ್ಡ್ ಹೋಟೆಲ್ ಪಕ್ಕ ಬೆಂಕಿ ಬಿದ್ದಾಗ ಆರಿಸಿದ್ದು ಇದೇ ಜನ, ಒಬ್ಬರ ಹೆಗಲ ಮೇಲೊಬ್ಬರು ಹತ್ತಿ! ಇಂಥವರನ್ನ ಹತೋಟೀಲಿಡೋನು ಎಲ್ಲದಕ್ಕೂ ತಾನೇ ಮುಂದೆ ಹೋಗ್ತಾನೆ. ಕವಾಯತು ಅರೆದು ಕುಡಿದಿದ್ದ, ಗುಂಡಿನ ಎದುರು ನಿಂತಿರಲಿಲ್ಲ. ನಮ್ಮಲ್ಲೂ ಹೊಸ ಲೆಫ್ಟಿನೆಂಟ್‌ಗಳಿಗೆ ಇದೇ ಬಿಸಿ, ಅವರನ್ನ ತಡೆಯೋಕೇ ಸುಬೇದಾರ್ ಅಂತ ಒಬ್ಬ ಇರೋದು.

ಹಿಂದಿನ ರಾತ್ರಿ ಅಪ್ಪ ಅಮ್ಮನಿಗೆ ಕಾಗದ ಬರೆದಿದ್ದ. ಮರುದಿನ, 25ರಂದು, ಲಿಂಕನ್ ಅದೇ ಅಪ್ಪ ಅಮ್ಮನಿಗೆ ಬರೆದ್ರು. ನಮ್ಮ ನೋವು ನಿಮ್ಮ ನೋವಿಗಿಂತ ಹೆಚ್ಚೇನೂ ಕಡಿಮೆಯಲ್ಲ ಅನ್ನೋ ಅರ್ಥದ ಮಾತಿದೆ ಅದರಲ್ಲಿ. ಮಗನಿಗೆ ಆ ಪತ್ರ ಓದಿಸಿ.

ಕಿಂಗ್‌ಸ್ಟ್ರೀಟ್‌_ಕನ್ನಡತಿ:
ಸಾರ್, ತುಂಬಾ ಉಪಕಾರ ಆಯ್ತು. ಅವನೇ ಜಾಕ್ಸನ್ ಅನ್ನೋ ಕಡೆ ಮಗ ಕುರ್ಚಿಯಿಂದ ಎದ್ದೇಬಿಟ್ಟ. ಆ ಮೂಲೆಯಲ್ಲಿ ಫಲಕ ಏನೂ ಕಾಣಲ್ವಲ್ಲ, ಯಾಕೆ?

ಹಳೇಪುಟ:
ಇತ್ತು, 2017ರಲ್ಲಿ ತೆಗೆದ್ರು. ದಕ್ಷಿಣದ ಸೈನಿಕರ ವಂಶಸ್ಥರ ಸಂಘ ಹಾಕಿಸಿದ್ದು. ಜಾಕ್ಸನ್‌ನನ್ನ ದಕ್ಷಿಣದ ಸ್ವಾತಂತ್ರ್ಯದ ಮೊದಲ ಹುತಾತ್ಮ ಅಂತ ಹೊಗಳಿತ್ತು, ಎಲ್ಸ್‌ವರ್ತ್ ಹೆಸರೇ ಇರಲಿಲ್ಲ. ಎರಡೂ ಕಡೆಯವರಿಗೆ ಆ ಬೆಳಗ್ಗೆ ತಲಾ ಒಬ್ಬ ಹುತಾತ್ಮ ಬೇಕಾಗಿತ್ತು, ಸಿಕ್ಕ. ಮೆಟ್ಟಿಲ ಹಲಗೆ, ಬಾವುಟದ ಚೂರು ಎಲ್ಲಾನೂ ಜನ ನೆನಪಿಗಂತ ಕತ್ತರಿಸಿಕೊಂಡು ಹೋದ್ರು. ಉತ್ತರದಲ್ಲಿ ಇವನ ಹೆಸರಲ್ಲೇ ಸೇಡು ತೀರಿಸ್ತೀವಿ ಅಂತ 44ನೇ ನ್ಯೂಯಾರ್ಕ್ ರೆಜಿಮೆಂಟು ಎದ್ದಿತು. ಸುಬೇದಾರರು ತಪ್ಪು ಅಂದ ಕೆಲಸವೇ ಸೈನ್ಯಕ್ಕೆ ಜನ ತಂದುಕೊಡ್ತು.

ಸುಬೇದಾರ್_ಸಕಲೇಶಪುರ:
ತಂದುಕೊಡ್ತು, ಒಪ್ಪಿದೆ. ಅವನ ಸ್ವಂತ ರೆಜಿಮೆಂಟಿನ ಗತಿಯನ್ನೂ ಬರೀರಿ ಮತ್ತೆ. ಎರಡು ತಿಂಗಳಾಗೋದ್ರೊಳಗೆ, ಜುಲೈ 21ಕ್ಕೆ, ಬುಲ್ ರನ್ ಕದನದಲ್ಲಿ, ಹೆನ್ರಿ ಗುಡ್ಡದ ಮೇಲೆ ಅವರಿಗೆ ಸರಿಯಾಗಿ ಏಟು ಬಿತ್ತು. ಎಲ್ಸ್‌ವರ್ತ್ ಜಾಗಕ್ಕೆ ಬಂದಿದ್ದ ಕರ್ನಲ್ ನೋವಾ ಫಾರ್ನಮ್ ಅಲ್ಲೇ ಗಾಯಗೊಂಡು ಆಗಸ್ಟ್‌ನಲ್ಲಿ ತೀರಿಕೊಂಡ. ಅವನದು ರಣರಂಗದ ಸಾವೇ. ಅವನ ಮೇಲೆ ಪುಟ ಬರೆಯೋಕೆ ಯಾವ ಮೇಷ್ಟ್ರೂ ಹೇಳಿರಲ್ಲ ಬಿಡಿ.