ಸಹಾಯ ಬೇಕು: ಸ್ಥಾಯಿ ವಿದ್ಯುತ್ತು, ಹಬಲ್ ನಿಯಮದ ಲೆಕ್ಕ

ಎಲ್ಲರಿಗೂ ನಮಸ್ಕಾರ, ನಾವಿರೋದು ಇಂಗ್ಲೆಂಡಲ್ಲಿ, ಮಗಳು ಎ-ಲೆವೆಲ್ (ನಮ್ಮ ಪಿಯುಸಿ ಥರ) ಫಿಸಿಕ್ಸ್ ಓದ್ತಿದಾಳೆ, ನಾನು ಓದಿದ್ದು ಕನ್ನಡ ಮೀಡಿಯಂ, ಕನ್ನಡದಲ್ಲೇ ಯಾರಾದ್ರೂ ಬಿಡಿಸಿ ಹೇಳಿದ್ರೆ ನಾನೂ ಅವಳ ಜೊತೆ ಕೂತ್ಕೋಬಹುದು.

ಒಂದೇ ಅಳತೆಯ ಎರಡು ಲೋಹದ ಗುಂಡು, +3 ಮತ್ತು -1 ಮೈಕ್ರೋಕೂಲಂಬ್, 30 ಸೆಂ.ಮೀ. ದೂರ, 0.3 ನ್ಯೂಟನ್ ಆಕರ್ಷಣೆ ಬಂತು. ಮುಟ್ಟಿಸಿ ವಾಪಸ್ ಅಷ್ಟೇ ದೂರ ಇಟ್ರೆ? ಇವಳು 3ಕ್ಕೆ 1 ಕೂಡಿಸಿ 2-2 ಹಂಚಿದ್ಲು, 0.4 ಬಂತು, ಬುಕ್ಕಲ್ಲಿ 0.1 ವಿಕರ್ಷಣೆ ಅಂತಿದೆ. ಮೈನಸ್ ಕಳೆದ್ರೆ ತಲಾ +1 ಉಳಿಯತ್ತೆ ಅಂತ ನನಗೆ ಹೊಳೀತು, ಆದ್ರೆ ಎಳೀತಿದ್ದಿದ್ದು ತಳ್ಳೋದ್ಯಾಕೆ ಅಂತ ಅವಳ ಮನಸ್ಸಿಗೆ ಹಿಡೀತಿಲ್ಲ. ಬಾಚಣಿಗೆಗೆ ಅಂಟಿದ ಪೇಪರ್ ಚೂರು ಆಮೇಲೆ ಚಿಮ್ಮಿ ಹೋಗತ್ತಲ್ಲ, ಅದೂ ಇದೇನಾ?

ಇನ್ನೊಂದು, ಹೈಡ್ರೋಜನ್ನಿನ 656.3 ನ್ಯಾನೋಮೀಟರ್ ಗೆರೆ ಒಂದು ಗ್ಯಾಲಕ್ಸಿಯಲ್ಲಿ 662.9ಕ್ಕೆ ಜರುಗಿದೆ. ಅದು ದೂರ ಓಡೋ ವೇಗ ಸೆಕೆಂಡಿಗೆ ಸುಮಾರು 3000 ಕಿ.ಮೀ., ಗ್ಯಾಲಕ್ಸಿ ದೂರ ಇದ್ದಷ್ಟೂ ಜೋರಾಗಿ ಓಡತ್ತೆ ಅನ್ನೋ ಹಬಲ್ ನಿಯಮದಲ್ಲಿ ಸ್ಥಿರಾಂಕ 70 (ಒಂದು ಮೆಗಾಪಾರ್ಸೆಕ್, ಅಂದ್ರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ 70 ಕಿ.ಮೀ.) ಇಟ್ರೆ ದೂರ ಸುಮಾರು 43 ಮೆಗಾಪಾರ್ಸೆಕ್, ಲೆಕ್ಕ ಸರಿ ಬಂತು. ಆದ್ರೆ "ಎಲ್ಲಾ ನಮ್ಮಿಂದ ದೂರ ಓಡ್ತಿದ್ರೆ ನಾವೇ ನಡುಮಧ್ಯ ಇದೀವಾ ಅಮ್ಮಾ" ಅಂದ್ಲು. ಬಲೂನ್ ಮೇಲೆ ಪೆನ್ನಲ್ಲಿ ಚುಕ್ಕಿ ಇಟ್ಟು ಊದಿ ತೋರಿಸ್ದೆ, ಯಾವ ಚುಕ್ಕಿಯಿಂದ ನೋಡಿದ್ರೂ ಮಿಕ್ಕಿದ್ದೆಲ್ಲ ದೂರ ಹೋಗತ್ತೆ ಅಂತ. ಒಪ್ಪಿದ್ಲು, ಆದ್ರೆ ಊದಿದಾಗ ಚುಕ್ಕಿನೂ ದೊಡ್ಡದಾಯ್ತು, ಹಾಗಾದ್ರೆ ಗ್ಯಾಲಕ್ಸಿನೂ ಹಿಗ್ಗತ್ತಾ ಅಂತಾಳೆ. ಇದಕ್ಕೆ ಏನು ಹೇಳ್ಲಿ? ಫಿಸಿಕ್ಸ್ ಮೇಷ್ಟ್ರು ಯಾರಾದ್ರೂ ಇದ್ರೆ ದಯವಿಟ್ಟು ತಿಳಿಸಿ, ಸೋಮವಾರ ಟೆಸ್ಟ್ ಇದೆ.